ತೋಟದ ಜೀಪಿಗೆ ಎರಡನೇ ಬ್ಯಾಟರಿ: ವೈರಿಂಗ್ ಸುರಕ್ಷಿತವಾಗಿ ಮಾಡುವುದು ಹೇಗೆ

ಕಾಫಿ ಕುಯ್ಲಿನ ಸಮಯದಲ್ಲಿ ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತೋಟಕ್ಕೆ ಸಂಜೆ ಹೋದರೆ ತೂಕ ಹಾಕುವ ಜಾಗದಲ್ಲಿ ಒಂದು ಜೀಪೋ ಪಿಕಪ್ಪೋ ನಿಂತಿರುತ್ತದೆ. ಹಣ್ಣಿನ ಮೂಟೆ ಒಂದೊಂದಾಗಿ ಬರುತ್ತಿರುತ್ತದೆ, ರೈಟರು ಪುಸ್ತಕ ಹಿಡಿದು ಬರೆಯುತ್ತಿರುತ್ತಾರೆ, ಬೆಳಕಿಗೆ ಗಾಡಿಯ ಲೈಟೇ ಗತಿ. ಎಂಜಿನ್ ಆಫ್, ಹೆಡ್‌ಲೈಟ್ ಆನ್. ಮಾಮೂಲಿ ಹ್ಯಾಲೊಜೆನ್ ಬಲ್ಬ್ ಒಂದಕ್ಕೆ 55 ವ್ಯಾಟ್, ಎರಡಕ್ಕೆ 110. ಅಂದರೆ ಬ್ಯಾಟರಿಯಿಂದ ಸುಮಾರು 9 ಆಂಪ್ ಹೋಗುತ್ತಲೇ ಇರುತ್ತದೆ. ಜೊತೆಗೆ ಯಾರದ್ದೋ ಮೊಬೈಲ್ ಚಾರ್ಜಿಗೆ, ಔಷಧಿ ಹೊಡೆಯುವ ಪಂಪಿನ ಬ್ಯಾಟರಿ ಇನ್ನೊಂದು ಕಡೆ. ತೂಕ ಮುಗಿದು ಹೊರಡೋಣ ಅಂದರೆ ಸೆಲ್ಫ್ ಹೊಡೆಯುವುದಿಲ್ಲ. ಇಳಿಜಾರಿನಲ್ಲಿ ನಿಂತಿದ್ದರೆ ತಳ್ಳಬಹುದು, ಇಲ್ಲದಿದ್ದರೆ ಇಲ್ಲ.

ಇದಕ್ಕೆ ಎರಡನೇ ಬ್ಯಾಟರಿ ಒಳ್ಳೆಯ ಪರಿಹಾರ. ಸ್ಟಾರ್ಟ್ ಮಾಡಲು ಒಂದು, ಉಳಿದ ಕೆಲಸಕ್ಕೆ ಇನ್ನೊಂದು, ಎರಡಕ್ಕೂ ಚಾರ್ಜ್ ಕೊಡಲು ಗಾಡಿಯಲ್ಲಿರುವ ಆಲ್ಟರ್ನೇಟರ್. ಆದರೆ ನಮ್ಮ ಕಡೆ ಇದನ್ನು ಮಾಡುವ ರೀತಿ ನೋಡಿದರೆ ಭಯವಾಗುತ್ತದೆ. ಮನೆ ವೈರಿಂಗ್‌ನ ತಂತಿ ತಂದು, ಪ್ಲಸ್‌ನಿಂದ ಪ್ಲಸ್‌ಗೆ ನೇರ ಎಳೆದು, ಮೈನಸ್ ಅನ್ನು ಸಿಕ್ಕಿದ ಬೋಲ್ಟಿಗೆ ಸುತ್ತಿ, ಮುಗಿಯಿತು ಅಂತ ಬಾನೆಟ್ ಮುಚ್ಚುತ್ತಾರೆ. ಫ್ಯೂಸ್ ಇಲ್ಲ.

12 ವೋಲ್ಟ್ ಅಲ್ವಾ, ಏನಾಗುತ್ತೆ ಅಂತ ಕೇಳುತ್ತಾರೆ. ಶಾಕ್ ಹೊಡೆಯುವುದಿಲ್ಲ, ಅದು ನಿಜ. ಆದರೆ ಸ್ಟಾರ್ಟಿಂಗ್ ಬ್ಯಾಟರಿಯ ಪ್ಲಸ್ ವೈರ್ ಬಾಡಿಗೆ ತಾಗಿದರೆ ನೂರಾರು ಆಂಪ್, ಕೆಲವೊಮ್ಮೆ ಸಾವಿರಕ್ಕೂ ಮೀರಿ ಹರಿಯುತ್ತದೆ. ಆ ವೈರ್ ಕೆಲವೇ ಕ್ಷಣಗಳಲ್ಲಿ ಕೆಂಪಗೆ ಕಾಯುತ್ತದೆ, ಮೇಲಿನ ಪ್ಲಾಸ್ಟಿಕ್ ಹತ್ತಿಕೊಳ್ಳುತ್ತದೆ, ಪಕ್ಕದಲ್ಲಿ ಡೀಸೆಲ್ ಪೈಪ್ ಇದ್ದರೆ ಮುಂದಿನದು ಹೇಳಬೇಕಿಲ್ಲ. ಕಂಪನಿಯವರು ಕೊಟ್ಟ ವೈರಿಂಗ್‌ನಲ್ಲಿ ದಪ್ಪ ವೈರ್ ಇರುವುದು ಬ್ಯಾಟರಿಯಿಂದ ಸೆಲ್ಫ್ ಮೋಟರಿನವರೆಗೆ ಅಷ್ಟೇ, ಅದೂ ಚಿಕ್ಕದು. ನಾವು ಎಳೆಯುವುದು ಗಾಡಿಯ ಮುಂದಿನಿಂದ ಹಿಂದಿನವರೆಗೆ, ತಗಡಿನ ಅಂಚುಗಳ ಮೇಲೆ. ಹಾಗಾಗಿ ಈ ಕೆಲಸದಲ್ಲಿ ಬ್ಯಾಟರಿಗಿಂತ ವೈರ್ ಮತ್ತು ಫ್ಯೂಸ್ ಕಡೆ ಜಾಸ್ತಿ ಗಮನ ಕೊಡಬೇಕು.

ಮೊದಲು ಲೆಕ್ಕ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಂಜಿನ್ ಆಫ್ ಇದ್ದಾಗ ಏನೇನು ಓಡಬೇಕು, ಎಷ್ಟು ಹೊತ್ತು? ವ್ಯಾಟ್ ಅನ್ನು 12ರಿಂದ ಭಾಗಿಸಿದರೆ ಆಂಪ್, ಅದನ್ನು ಗಂಟೆಯಿಂದ ಗುಣಿಸಿದರೆ ಎಎಚ್ (ಆಂಪಿಯರ್-ಅವರ್), ಬ್ಯಾಟರಿಯ ಅಳತೆ ಹೇಳುವುದು ಇದರಲ್ಲೇ.

ಉದಾಹರಣೆಗೆ 18 ವ್ಯಾಟ್‌ನ ಎರಡು ಎಲ್‌ಇಡಿ ಲೈಟ್, ಎರಡೂವರೆ ಗಂಟೆ. 36 ವ್ಯಾಟ್ ಅಂದರೆ 3 ಆಂಪ್, ಒಟ್ಟು 7.5 ಎಎಚ್. ಹೆಡ್‌ಲೈಟ್ ಉರಿಸುವುದಕ್ಕಿಂತ ಇದು ಎಷ್ಟು ಕಡಿಮೆ ನೋಡಿ. ಸ್ಪ್ರೇ ಪಂಪಿನ ಎರಡು ಬ್ಯಾಟರಿಗೆ, ತಲಾ 8 ಎಎಚ್ ತುಂಬಿಸಬೇಕು ಅಂದುಕೊಂಡರೆ, ನಷ್ಟ ಸೇರಿ 20 ಎಎಚ್ ಹಿಡಿಯಿರಿ. ಮೊಬೈಲ್, ವಾಕಿಟಾಕಿಗೆ ಒಂದು 5. ಒಟ್ಟು 32, 33 ಎಎಚ್.

ಲೆಡ್ ಆಸಿಡ್ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಆದ್ದರಿಂದ ಬೇಕಾದ್ದರ ಎರಡರಷ್ಟು ತೆಗೆದುಕೊಳ್ಳಿ. ಈ ಲೆಕ್ಕಕ್ಕೆ 65ರಿಂದ 75 ಎಎಚ್ ಸಾಕು. ಲಿಥಿಯಂ ಆದರೆ ನೂರಕ್ಕೆ 80ರಷ್ಟು ಬಳಸಬಹುದು, 40ರಿಂದ 50 ಎಎಚ್ ಸಾಕಾಗುತ್ತದೆ. ಸುಮ್ನೆ 150 ಎಎಚ್ ತಂದು ಹಾಕಬೇಡಿ. ತೋಟದಿಂದ ಮನೆಗೆ, ಮನೆಯಿಂದ ಪೇಟೆಗೆ ಓಡುವಷ್ಟರಲ್ಲಿ ಅದು ತುಂಬುವುದಿಲ್ಲ, ಯಾವಾಗಲೂ ಅರೆಹೊಟ್ಟೆಯಲ್ಲೇ ಇದ್ದು ಪ್ಲೇಟ್ ಕೆಡುತ್ತದೆ.

ಸ್ಪ್ರೇ ಪಂಪಿನ ಬ್ಯಾಟರಿ ಬಗ್ಗೆ ಒಂದು ಮಾತು. 12 ವೋಲ್ಟಿನ ಒಂದು ಬ್ಯಾಟರಿಗೆ ಇನ್ನೊಂದು 12 ವೋಲ್ಟ್ ಬ್ಯಾಟರಿಯಿಂದ ನೇರ ವೈರ್ ಕೊಟ್ಟರೆ ಅದು ಪೂರ್ತಿ ಚಾರ್ಜ್ ಆಗುವುದಿಲ್ಲ, ಎರಡೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. 300 ವ್ಯಾಟಿನ ಸಣ್ಣ ಇನ್ವರ್ಟರ್ ಹಾಕಿ, ಪಂಪಿನ ಜೊತೆ ಬಂದ ಚಾರ್ಜರನ್ನೇ ಅದಕ್ಕೆ ಕೊಡಿ.

ಯಾವ ಬ್ಯಾಟರಿ, ಎಲ್ಲಿ ಇಡುವುದು

ಮನೆಯ ಯುಪಿಎಸ್‌ಗೆ ಹಾಕಿದ್ದ ಉದ್ದನೆಯ ಟ್ಯೂಬುಲರ್ ಬ್ಯಾಟರಿ ಖಾಲಿ ಬಿದ್ದಿದೆ, ಅದನ್ನೇ ಜೀಪಿಗೆ ಇಡೋಣ ಅನ್ನುವವರಿದ್ದಾರೆ. ಬೇಡ. ಅದು ಒಂದೇ ಜಾಗದಲ್ಲಿ ನೆಟ್ಟಗೆ ನಿಲ್ಲಲು ಮಾಡಿದ್ದು. ತೋಟದ ರಸ್ತೆಯಲ್ಲಿ ಗಾಡಿ ವಾಲಿದಾಗ ಆಸಿಡ್ ಚೆಲ್ಲುತ್ತದೆ, ಕುಲುಕಾಟಕ್ಕೆ ಒಳಗಿನ ಪ್ಲೇಟ್ ಸಡಿಲವಾಗುತ್ತವೆ, ತೂಕವೂ ವಿಪರೀತ. ಇನ್ನೊಂದು ಸ್ಟಾರ್ಟಿಂಗ್ ಬ್ಯಾಟರಿ ಹಾಕಿದರೆ ಕೆಲಸ ನಡೆಯುತ್ತದೆ, ಆದರೆ ಅದರ ಪ್ಲೇಟ್ ತೆಳು, ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲು ಮಾಡಿದ್ದು, ನಿಧಾನವಾಗಿ ಖಾಲಿಯಾಗುವ ಕೆಲಸಕ್ಕೆ ಬಹಳ ದಿನ ತಡೆಯುವುದಿಲ್ಲ. ನನ್ನ ಆಯ್ಕೆ ಸೀಲ್ ಆಗಿರುವ ಎಜಿಎಂ ಡೀಪ್ ಸೈಕಲ್ ಬ್ಯಾಟರಿ, ಅಂದರೆ ಆಸಿಡನ್ನು ಗಾಜಿನ ನಾರಿನ ಪದರ ಹೀರಿಟ್ಟುಕೊಂಡಿರುವ, ನಿಧಾನವಾಗಿ ಖಾಲಿಯಾಗುವ ಕೆಲಸಕ್ಕೇ ಮಾಡಿದ ಬ್ಯಾಟರಿ.

ಜಾಗದ ವಿಷಯದಲ್ಲಿ ನೀರು ಹಾಕುವ ಬ್ಯಾಟರಿಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ: ಜನ ಕೂರುವ ಜಾಗದಲ್ಲಿ ಇಡಕೂಡದು. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೆ ಒಂದು ಕಿಡಿ ಸಾಕು. ಮಳೆಗಾಲದಲ್ಲಿ ಗಾಜು ಏರಿಸಿಕೊಂಡು ಓಡಿಸುವವರು ನಾವು, ಇದನ್ನು ಮರೆಯಬಾರದು. ಸೀಲ್ಡ್ ಬ್ಯಾಟರಿ ಮಾಮೂಲಿಯಾಗಿ ಗ್ಯಾಸ್ ಬಿಡುವುದಿಲ್ಲ, ಆದರೆ ಓವರ್‌ಚಾರ್ಜ್ ಆದರೆ ಅದರ ವಾಲ್ವ್ ತೆರೆಯುತ್ತದೆ. ಹಾಗಾಗಿ ಹಿಂದಿನ ಸೀಟಿನ ಕೆಳಗೆ ಇಟ್ಟರೂ ಮುಚ್ಚಳ ಇರುವ ಡಬ್ಬಿಯಲ್ಲಿ ಇಟ್ಟು, ಅದರಿಂದ ಒಂದು ಸಣ್ಣ ಪೈಪನ್ನು ಹೊರಗೆ ಬಿಡಿ.

ಬಾನೆಟ್ ಕೆಳಗೆ ಜಾಗ ಇದ್ದರೆ ವೈರ್ ಚಿಕ್ಕದಾಗುತ್ತದೆ, ಅದು ಲಾಭ. ಆದರೆ ಎಕ್ಸಾಸ್ಟ್ ಹತ್ತಿರದ ಶಾಖ ಬ್ಯಾಟರಿಗೆ ಒಳ್ಳೆಯದಲ್ಲ. ಲಿಥಿಯಂ ಬ್ಯಾಟರಿಯನ್ನಂತೂ ಅಲ್ಲಿ ಇಡಲೇಬೇಡಿ.

ಎಲ್ಲೇ ಇಟ್ಟರೂ ಕಬ್ಬಿಣದ ಪಟ್ಟಿ ಮತ್ತು ಬೋಲ್ಟ್ ಹಾಕಿ ಬಿಗಿಯಿರಿ, ಪಟ್ಟಿ ಟರ್ಮಿನಲ್‌ಗೆ ತಾಗದಂತೆ ರಬ್ಬರ್ ಸುತ್ತಿ. ಹಗ್ಗ, ಟ್ಯೂಬಿನ ರಬ್ಬರ್ ಸಾಲದು. 20 ಕೆಜಿಯ ಬ್ಯಾಟರಿ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಜಾಗ ಬಿಟ್ಟು ಎದ್ದರೆ, ಮುಂದೆ ಕೂತವರ ಬೆನ್ನಿಗೇ ಬರುತ್ತದೆ.

ಎರಡು ಬ್ಯಾಟರಿಯ ನಡುವೆ ಏನಿರಬೇಕು

ಎರಡನ್ನೂ ಕಾಯಂ ಆಗಿ ಸೇರಿಸಿಬಿಟ್ಟರೆ, ಬುಡದಲ್ಲಿ ಪೈಪ್ ಸೇರಿಸಿದ ಎರಡು ನೀರಿನ ಟ್ಯಾಂಕ್ ಇದ್ದ ಹಾಗೆ. ಒಂದರಲ್ಲಿ ತೆಗೆದರೆ ಇನ್ನೊಂದೂ ಇಳಿಯುತ್ತದೆ. ಸಂಜೆ ಲೈಟ್ ಉರಿಸಿದರೆ ಸ್ಟಾರ್ಟಿಂಗ್ ಬ್ಯಾಟರಿಯೂ ಖಾಲಿ, ಹಾಕಿದ ಉದ್ದೇಶವೇ ಹೋಯಿತು. ಎಂಜಿನ್ ಓಡುವಾಗ ಸೇರಬೇಕು, ನಿಂತಾಗ ಬೇರೆಯಾಗಬೇಕು. ಅದಕ್ಕೆ ಹಲವು ದಾರಿ ಇವೆ.

ಕೈಯಲ್ಲಿ ತಿರುಗಿಸುವ ಸ್ವಿಚ್ ಅಗ್ಗ, ಕೆಡುವುದೂ ಕಡಿಮೆ. ಆದರೆ ಆಫ್ ಮಾಡಲು ಮರೆತರೆ ಮುಗಿಯಿತು, ಮೂರು ಜನ ಓಡಿಸುವ ತೋಟದ ಗಾಡಿಯಲ್ಲಿ ಮರೆಯುವುದು ಖಂಡಿತ. ಡಯೋಡ್ ಐಸೊಲೇಟರ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಧನ, ತಾನೇ ಕೆಲಸ ಮಾಡುತ್ತದೆ, ಆದರೆ ಮಾಮೂಲಿ ಡಯೋಡ್‌ನಲ್ಲಿ 0.6ರಿಂದ 0.7 ವೋಲ್ಟ್ ನಷ್ಟ. 14.2 ಬರಬೇಕಾದ ಕಡೆ 13.5 ಬಂದರೆ ಲೆಡ್ ಆಸಿಡ್ ಬ್ಯಾಟರಿ ಯಾವತ್ತೂ ಪೂರ್ತಿ ತುಂಬುವುದಿಲ್ಲ.

ಗಾಡಿ ಎಲೆಕ್ಟ್ರಿಷಿಯನ್‌ಗಳು ಜಾಸ್ತಿ ಹಾಕುವುದು ಇಗ್ನಿಷನ್ ರಿಲೇ, ಅಂದರೆ ಕೀಯಿಂದ ಬರುವ ಸಣ್ಣ ಕರೆಂಟಿಗೆ ತಾನೇ ಆನ್ ಆಗುವ ಸ್ವಿಚ್. ಕೀ ತಿರುಗಿಸಿದರೆ ರಿಲೇ ಎಳೆಯುತ್ತದೆ, ಎರಡೂ ಸೇರುತ್ತವೆ. ಇದರಲ್ಲಿ ಎರಡು ತೊಂದರೆ ಇದೆ. ಕೀ ಆನ್ ಆದ ಕೂಡಲೇ, ಅಂದರೆ ಸೆಲ್ಫ್ ಹೊಡೆಯುವ ಮುಂಚೆಯೇ ಸೇರುವುದರಿಂದ, ಸೆಲ್ಫ್ ಮೋಟರ್ ಎರಡನೇ ಬ್ಯಾಟರಿಯಿಂದಲೂ ಆ ತೆಳು ವೈರಿನ ಮೂಲಕ ಕರೆಂಟ್ ಎಳೆಯುತ್ತದೆ. ಫ್ಯೂಸ್ ಇದ್ದರೆ ಹಾರುತ್ತದೆ, ಇಲ್ಲದಿದ್ದರೆ ವೈರ್ ಕಾಯುತ್ತದೆ. ಇನ್ನೊಂದು, ಹಾರ್ನಿಗೆ ಹಾಕುವ 30, 40 ಆಂಪ್‌ನ ಸಣ್ಣ ರಿಲೇ ಈ ಕೆಲಸಕ್ಕೆ ಸಾಲದು. ಸೆಲ್ಫ್ ಸೊಲೆನಾಯ್ಡನ್ನು, ಅಂದರೆ ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್ಚನ್ನು, ಹಾಕುವವರೂ ಇದ್ದಾರೆ. ಅದು ಕೆಲವು ಸೆಕೆಂಡ್ ಮಾತ್ರ ಆನ್ ಇರಲು ಮಾಡಿದ್ದು, ಗಂಟೆಗಟ್ಟಲೆ ಆನ್ ಇಟ್ಟರೆ ಕಾಯಿಲ್ ಸುಡುತ್ತದೆ.

ಹಳೆಯ ಗಾಡಿಗೆ ಸರಿಯಾದದ್ದು ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ. ವಿಎಸ್‌ಆರ್ ಅಂತ ಕೇಳಿದರೆ ಸಿಗುತ್ತದೆ. ಮುಖ್ಯ ಬ್ಯಾಟರಿಯ ವೋಲ್ಟೇಜ್ ಸುಮಾರು 13.3 ದಾಟಿದಾಗ, ಅಂದರೆ ಆಲ್ಟರ್ನೇಟರ್ ಚಾರ್ಜ್ ಮಾಡಲು ಶುರುಮಾಡಿದಾಗ, ಅದು ಸೇರಿಸುತ್ತದೆ. ಸುಮಾರು 12.8ಕ್ಕೆ ಇಳಿದಾಗ ಬಿಡಿಸುತ್ತದೆ. ಸರಿಯಾದ ಅಂಕಿ ಅದರ ಡಬ್ಬಿಯ ಮೇಲೆ ಇರುತ್ತದೆ. ಎಡೆಬಿಡದೆ 100 ಆಂಪ್ ಅಥವಾ ಹೆಚ್ಚು ತಡೆಯುವುದನ್ನು ತೆಗೆದುಕೊಳ್ಳಿ.

ಹೊಸ ಗಾಡಿಯ ಕಥೆ ಬೇರೆ. 2020ರ ಏಪ್ರಿಲ್‌ನಿಂದ ಹೊಗೆಯ ಮಿತಿ ಬಿಗಿ ಮಾಡಿದ ಬಿಎಸ್ 6 ನಿಯಮ ಬಂದಿತು. ಈಗಿನ ಅನೇಕ ಗಾಡಿಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್ ಇರುತ್ತದೆ. ಡೀಸೆಲ್ ಉಳಿಸಲು ಕಂಪ್ಯೂಟರ್ ಅದರ ವೋಲ್ಟೇಜನ್ನು ಏರಿಸುತ್ತದೆ, ಇಳಿಸುತ್ತದೆ. ಒಮ್ಮೊಮ್ಮೆ 12.5ರ ಆಸುಪಾಸಿಗೆ ಇಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ 15ರ ಹತ್ತಿರ ಏರುತ್ತದೆ. ಇಂಥದ್ದಕ್ಕೆ ವಿಎಸ್‌ಆರ್ ಹಾಕಿದರೆ ಅದು ಸೇರಿ ಬಿಟ್ಟು, ಸೇರಿ ಬಿಟ್ಟು ಆಡುತ್ತಿರುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಇದಕ್ಕೆ ಡಿಸಿ-ಡಿಸಿ ಚಾರ್ಜರ್ ಬೇಕು. ಬರುವ ವೋಲ್ಟೇಜ್ ಏನೇ ಇರಲಿ, ಎರಡನೇ ಬ್ಯಾಟರಿಗೆ ಬೇಕಾದಷ್ಟನ್ನೇ ಕೊಡುತ್ತದೆ, ಕರೆಂಟಿಗೂ ಮಿತಿ ಇಡುತ್ತದೆ.

ನಿಮ್ಮದು ಯಾವುದು ಅಂತ ತಿಳಿಯುವುದು ಸುಲಭ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಸಣ್ಣ ವೋಲ್ಟ್‌ಮೀಟರ್ ತಂದು, ಕಡೂರಿನವರೆಗೋ ಬೇಲೂರಿನವರೆಗೋ ಓಡಿಸಿ, ಪಕ್ಕದಲ್ಲಿ ಕೂತವರಿಗೆ ನೋಡುತ್ತಿರಲು ಹೇಳಿ. ಎಲ್ಲಾ ಹೊತ್ತೂ 13.8ರಿಂದ 14.4ರ ನಡುವೆ ನಿಂತರೆ ಹಳೆಯ ಮಾದರಿ. ಏರಿಳಿತ ಇದ್ದರೆ ಸ್ಮಾರ್ಟ್. ಬ್ಯಾಟರಿಯ ಮೈನಸ್ ಟರ್ಮಿನಲ್ ಮೇಲೆ ಸಣ್ಣ ಕಪ್ಪು ಡಬ್ಬಿ, ಅದಕ್ಕೆ ತೆಳು ವೈರ್ ಇದ್ದರೂ ಅದೇ ಸೂಚನೆ, ಅದು ಬ್ಯಾಟರಿಯ ಸೆನ್ಸರ್.

ಎರಡನೇ ಬ್ಯಾಟರಿ ಲಿಥಿಯಂ ಆದರೆ ಗಾಡಿ ಎಷ್ಟೇ ಹಳೆಯದಿರಲಿ ಡಿಸಿ-ಡಿಸಿಯೇ ಹಾಕಿ. ಲಿಥಿಯಂ ಒಳಗಿನ ಪ್ರತಿರೋಧ ಬಹಳ ಕಡಿಮೆ, ಆಲ್ಟರ್ನೇಟರ್ ಕೊಡುವಷ್ಟನ್ನೂ ಎಳೆಯುತ್ತದೆ. ಏರು ರಸ್ತೆಯಲ್ಲಿ ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಹತ್ತುವಾಗ ಎಂಜಿನ್ ಬಿಸಿ, ಗಾಳಿ ಕಡಿಮೆ. ಆ ಹೊತ್ತಿನಲ್ಲಿ ಆಲ್ಟರ್ನೇಟರ್ ಪೂರ್ತಿ ಲೋಡ್‌ನಲ್ಲಿ ದುಡಿದರೆ ಸುಟ್ಟು ಹೋಗುತ್ತದೆ.

ವೈರ್ ಎಷ್ಟು ದಪ್ಪ

ಇದನ್ನು ಅಂದಾಜಿನಲ್ಲಿ ಮಾಡಬೇಡಿ, ಲೆಕ್ಕ ಸುಲಭ ಇದೆ. ತಾಮ್ರದ ವೈರಿಗೆ 0.0175 ಅನ್ನು ವೈರಿನ ಉದ್ದದಿಂದ (ಮೀಟರಿನಲ್ಲಿ) ಗುಣಿಸಿ, ಆಂಪ್‌ನಿಂದ ಗುಣಿಸಿ, ವೈರಿನ ಸ್ಕ್ವೇರ್ ಎಂಎಂನಿಂದ ಭಾಗಿಸಿ. ಬರುವುದು ಎಷ್ಟು ವೋಲ್ಟ್ ದಾರಿಯಲ್ಲಿ ನಷ್ಟ ಅನ್ನುವುದು. ಉದ್ದ ಅಂದರೆ ಹೋಗುವುದು ಮತ್ತು ಬರುವುದು ಎರಡೂ ಸೇರಿ.

ಬಾನೆಟ್‌ನಿಂದ ಹಿಂದಿನ ಸೀಟಿಗೆ 5 ಮೀಟರ್ ಅಂದುಕೊಳ್ಳಿ, ಹೋಗಿ ಬರಲು 10. ಕರೆಂಟ್ 25 ಆಂಪ್. 6 ಸ್ಕ್ವೇರ್ ಎಂಎಂ ವೈರ್ ಹಾಕಿದರೆ 0.73 ವೋಲ್ಟ್ ನಷ್ಟ. 10ಕ್ಕೆ 0.44. 16ಕ್ಕೆ 0.27. 25ಕ್ಕೆ 0.18. ವಿಎಸ್‌ಆರ್ ಹಾಕುವುದಾದರೆ ಹಿಂದಿನವರೆಗೆ 16ಕ್ಕಿಂತ ಕಡಿಮೆ ಹಾಕಬೇಡಿ. 20 ಆಂಪ್‌ನ ಡಿಸಿ-ಡಿಸಿ ಆದರೆ 10 ಸಾಕು. ಯಾಕೆಂದರೆ ಅದನ್ನು ಎರಡನೇ ಬ್ಯಾಟರಿಯ ಪಕ್ಕದಲ್ಲೇ ಕೂರಿಸುತ್ತೇವೆ, ದಾರಿಯಲ್ಲಿ ಸ್ವಲ್ಪ ಇಳಿದರೂ ಅದು ಮತ್ತೆ ಏರಿಸಿಕೊಳ್ಳುತ್ತದೆ. ವಿಎಸ್‌ಆರ್ ಮಾತ್ರ ಮುಖ್ಯ ಬ್ಯಾಟರಿಯ ಹತ್ತಿರವೇ ಇರಬೇಕು, ಅದು ನೋಡಬೇಕಾದ್ದು ಅಲ್ಲಿನ ವೋಲ್ಟೇಜ್.

ಸಣ್ಣ ಎಳೆಗಳು ತುಂಬಾ ಇರುವ, ಬಾಗುವ ಬ್ಯಾಟರಿ ಕೇಬಲ್ ಅಥವಾ ವೆಲ್ಡಿಂಗ್ ಕೇಬಲ್ ಕೇಳಿ. ಮನೆ ವೈರಿಂಗ್‌ನ ಗಟ್ಟಿ ವೈರ್ ಕುಲುಕಾಟಕ್ಕೆ ಲಗ್ (ಬೋಲ್ಟಿಗೆ ಸಿಕ್ಕಿಸಲು ವೈರಿನ ತುದಿಗೆ ಹಾಕುವ ಲೋಹದ ತುಂಡು) ಹತ್ತಿರವೇ ಮುರಿಯುತ್ತದೆ. ಕಾರ್ ಆಡಿಯೋ ಕಿಟ್‌ಗಳಲ್ಲಿ ಬರುವ ದಪ್ಪನೆಯ ಪಾರದರ್ಶಕ ವೈರ್ ನೋಡಿ ಮೋಸ ಹೋಗಬೇಡಿ, ಎಷ್ಟೋ ಸಲ ಅದು ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಬೆಳ್ಳಗೆ ಕಂಡರೆ ಬಿಡಿ. ಅದರ ನಷ್ಟ ತಾಮ್ರದ ಒಂದೂವರೆ ಪಟ್ಟು. ಲಗ್ ಕೂಡ ತವರದ ಲೇಪದ ತಾಮ್ರದ್ದೇ ಆಗಬೇಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಅಲ್ಯೂಮಿನಿಯಂ ಲಗ್ ಕೊಡುತ್ತಾರೆ. ತಾಮ್ರದ ವೈರಿಗೆ ಅಲ್ಯೂಮಿನಿಯಂ ಲಗ್ ಹಾಕಿ ಮಲೆನಾಡಿನ ಮಳೆಗೆ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಜಂಟಿ ಬಿಳಿ ಪುಡಿಯಾಗುತ್ತದೆ, ಸಂಪರ್ಕ ಸಡಿಲವಾಗುತ್ತದೆ, ಅಲ್ಲೇ ಕಾಯಲು ಶುರುವಾಗುತ್ತದೆ.

ಫ್ಯೂಸ್: ಎರಡೂ ತುದಿಗೆ

ಒಂದು ಫ್ಯೂಸ್ ಹಾಕಿ ಸಾಕು ಅನ್ನುವವರ ಜೊತೆ ನಾನು ಯಾವಾಗಲೂ ವಾದ ಮಾಡುತ್ತೇನೆ. ಫ್ಯೂಸ್ ಇರುವುದು ವೈರನ್ನು ಕಾಯಲು. ಮನೆಯಲ್ಲಿ ಕರೆಂಟ್ ಬರುವುದು ಒಂದೇ ಕಡೆಯಿಂದ, ಮೀಟರ್ ಹತ್ತಿರ ಫ್ಯೂಸ್ ಇದ್ದರೆ ಆಯಿತು. ಇಲ್ಲಿ ಆ ಉದ್ದನೆಯ ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ. ಮಧ್ಯದಲ್ಲಿ ಎಲ್ಲೋ ವೈರ್ ಸವೆದು ಚಾಸಿಗೆ ತಾಗಿತು ಅನ್ನಿ. ಮುಂದಿನ ಫ್ಯೂಸ್ ಹಾರಿ ಮುಖ್ಯ ಬ್ಯಾಟರಿಯ ಕಡೆಯಿಂದ ಕರೆಂಟ್ ನಿಂತಿತು. ಹಿಂದಿನ ಬ್ಯಾಟರಿ? ಅದು ತನ್ನಲ್ಲಿರುವುದನ್ನೆಲ್ಲಾ ಆ ಜಾಗಕ್ಕೆ ಸುರಿಯುತ್ತಲೇ ಇರುತ್ತದೆ, ಎಂಜಿನ್ ಆಫ್ ಮಾಡಿ ಕೀ ತೆಗೆದರೂ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಒಂದು ಫ್ಯೂಸ್. ಎರಡು ಬ್ಯಾಟರಿ, ಎರಡು ಫ್ಯೂಸ್. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ಆ ಗೇಣುದ್ದದ ತುಂಡನ್ನು ಯಾವ ಫ್ಯೂಸೂ ಕಾಯುವುದಿಲ್ಲ, ಹಾಗಾಗಿ ಅದಕ್ಕೆ ಎರಡು ಪದರ ತೋಳು (ವೈರಿನ ಮೇಲೆ ತೊಡಿಸುವ ಸ್ಲೀವ್) ಹಾಕಿ.

16 ಸ್ಕ್ವೇರ್ ಎಂಎಂಗೆ 80 ಆಂಪ್‌ಗಿಂತ ದೊಡ್ಡದು ಬೇಡ. 10ಕ್ಕೆ, ಡಿಸಿ-ಡಿಸಿ 20 ಆಂಪ್‌ನದ್ದಾದರೆ, 40. ಬೋಲ್ಟ್ ಹಾಕಿ ಕೂರಿಸುವ ಮಿಡಿ ಅಥವಾ ಎಎನ್‌ಎಲ್ ಫ್ಯೂಸ್ ತನ್ನಿ, ಮುಚ್ಚಳ ಇರುವ ಹೋಲ್ಡರ್ ಜೊತೆ. ಗಾಜಿನ ಫ್ಯೂಸ್ ಈ ಕೆಲಸಕ್ಕಲ್ಲ. ಹಾರಿದರೆ ಅದೇ ಆಂಪ್‌ನದ್ದು ಹಾಕಬೇಕು, ತಂತಿ ಸುತ್ತಕೂಡದು. ಬಿಡಿ ಫ್ಯೂಸ್ ಎರಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ.

ಕೈಗೆ ತೆಗೆದುಕೊಳ್ಳುವುದು

ಉಂಗುರ, ವಾಚ್, ಬಳೆ, ಕುತ್ತಿಗೆಯ ಸರ ತೆಗೆದಿಡಿ. ಉಂಗುರ ಪ್ಲಸ್‌ಗೂ ಬಾಡಿಗೂ ಸೇತುವೆಯಾದರೆ ಬೆರಳು ಉಳಿಯುವುದಿಲ್ಲ. ಕಣ್ಣಿಗೆ ಕನ್ನಡಕ. ಪಕ್ಕದಲ್ಲಿ ಒಂದು ಬಕೆಟ್ ನೀರು, ಅಡುಗೆ ಸೋಡಾ, ಆಸಿಡ್ ಬಿದ್ದರೆ ತೊಳೆಯಲು. ಪುಡಿಯ ಎಬಿಸಿ ಅಗ್ನಿಶಾಮಕ ಸಿಲಿಂಡರ್ ಗಾಡಿಯಲ್ಲಿ ಇರಲಿ, ಕೆಲಸ ಮುಗಿದ ಮೇಲೂ. ಕೆಲಸ ಮಾಡುವ ಜಾಗ ಬಯಲಿನಲ್ಲಿರಲಿ, ಬೀಡಿ ಸಿಗರೇಟು ದೂರ.

ಮೊದಲು ಎಂಜಿನ್ ಆಫ್ ಮಾಡಿ ಕೀ ತೆಗೆಯಿರಿ. ಹೊಸ ಗಾಡಿಯಾದರೆ ಕೆಲವು ನಿಮಿಷ ಬಿಡಿ, ಕಂಪ್ಯೂಟರ್‌ಗಳು ಮಲಗಬೇಕು. ಆಮೇಲೆ ಮುಖ್ಯ ಬ್ಯಾಟರಿಯ ಮೈನಸ್ ಬಿಚ್ಚಿ. ಯಾವಾಗಲೂ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಣ ಸರಳ: ಮೈನಸ್ ಹಾಕಿದ್ದಾಗ ಇಡೀ ಬಾಡಿ ಮೈನಸ್. ಆಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಅದೇ ಶಾರ್ಟ್. ಮೈನಸ್ ಬಿಚ್ಚಿದ್ದರೆ ತಾಗಿದರೂ ಏನೂ ಆಗುವುದಿಲ್ಲ. ಬಿಚ್ಚಿದ ಮೈನಸ್ ತುದಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿ.

ಎರಡನೇ ಬ್ಯಾಟರಿಯನ್ನು ಅದರ ಜಾಗದಲ್ಲಿ ಬಿಗಿಯಿರಿ, ಎರಡೂ ಟರ್ಮಿನಲ್‌ಗೆ ಮುಚ್ಚಳ ಹಾಕಿ. ಇನ್ನೂ ಏನನ್ನೂ ಸೇರಿಸಬೇಡಿ. ವಿಎಸ್‌ಆರ್ ಅನ್ನು ಮುಖ್ಯ ಬ್ಯಾಟರಿಯ ಹತ್ತಿರ, ಎಕ್ಸಾಸ್ಟ್‌ನಿಂದ ದೂರ, ಚಕ್ರದ ನೀರು ಎರಚದ ಕಡೆ ಕೂರಿಸಿ.

ಈಗ ವೈರ್ ಎಳೆಯುವುದು, ಇದಕ್ಕೆ ಸಮಯ ಕೊಡಿ. ಚಾಸಿಯ ಹೊರಗೆ, ಕೆಳಗೆ ಎಳೆದರೆ ತೋಟದಲ್ಲಿ ಕಡಿದ ಗಿಡದ ಬೊಡ್ಡೆಯೋ ಕಲ್ಲೋ ಒಂದು ದಿನ ಅದನ್ನು ಕಿತ್ತುಕೊಂಡು ಹೋಗುತ್ತದೆ. ಚಾಸಿಯ ಒಳಬದಿಯಲ್ಲಿ, ಮೇಲಿನ ಭಾಗದಲ್ಲಿ ಎಳೆಯಿರಿ, ಅಥವಾ ಒಳಗೆ ಕಾರ್ಪೆಟ್ ಕೆಳಗೆ. ಡೀಸೆಲ್ ಪೈಪ್, ಬ್ರೇಕ್ ಪೈಪ್‌ಗೆ ಕಟ್ಟಬೇಡಿ. ಸೈಲೆನ್ಸರ್ ಪೈಪ್ ಇರುವ ಬದಿ ಬಿಟ್ಟು ಇನ್ನೊಂದು ಬದಿ ಹಿಡಿಯಿರಿ. ಉದ್ದಕ್ಕೂ ಸುಕ್ಕುಸುಕ್ಕಿನ ಫ್ಲೆಕ್ಸಿಬಲ್ ಪೈಪ್ ಹಾಕಿ, ಅದರ ಎರಡೂ ಬಾಯಿ ಟೇಪ್ ಸುತ್ತಿ ಮುಚ್ಚಿ. ಗೋಡೌನ್ ಪಕ್ಕ ನಿಲ್ಲುವ ಗಾಡಿಗೆ ಇಲಿ ಕಾಟ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ತಗಡಿನ ತೂತು ದಾಟುವ ಪ್ರತಿ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಇರಲೇಬೇಕು, ವೈರ್ ಸವೆಯುವುದು ಮುಖ್ಯವಾಗಿ ಅಲ್ಲೇ. ಗೇಣಿಗೊಂದು ಟೈ ಕಟ್ಟಿ. ಎಂಜಿನ್ ಅಲುಗುತ್ತದೆ, ಬಾಡಿ ಅಲುಗುವುದಿಲ್ಲ, ಆದ್ದರಿಂದ ಎಂಜಿನ್‌ಗೂ ಬಾಡಿಗೂ ನಡುವೆ ಹಾಯುವ ಕಡೆ ವೈರ್ ಸ್ವಲ್ಪ ಸಡಿಲ ಇರಲಿ. ಒಳಗೆ ಹೋಗುವ ಜಾಗದಲ್ಲಿ ವೈರ್ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಲಗ್ ಹಾಕಲು ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಬೇಕು. ಕೊಳ್ಳುವುದು ಬೇಡ. ಉದ್ದ ಅಳೆದುಕೊಂಡು ಹೋಗಿ, ಕೇಬಲ್ ಮಾರುವ ಅಂಗಡಿಯಲ್ಲೋ ಮೋಟರ್ ರಿವೈಂಡಿಂಗ್ ಮಾಡುವವರ ಹತ್ತಿರವೋ ಹಾಕಿಸಿಕೊಂಡು ಬನ್ನಿ. ಸುತ್ತಿಗೆಯಲ್ಲಿ ಬಡಿದ ಲಗ್ ನೋಡಲು ಗಟ್ಟಿ ಕಾಣುತ್ತದೆ, ಒಳಗೆ ಎಳೆಗಳ ನಡುವೆ ಗಾಳಿ ಇರುತ್ತದೆ. ಬರೀ ಬೆಸುಗೆ ಹಾಕಿದ್ದೂ ಬೇಡ, ಬೆಸುಗೆ ಇಳಿದ ಕಡೆ ವೈರ್ ಕಡ್ಡಿಯಾಗಿ ಮುರಿಯುತ್ತದೆ. ಹಾಕಿದ ಮೇಲೆ ಎರಡೂ ಕೈಯಲ್ಲಿ ಬಲವಾಗಿ ಎಳೆದು ನೋಡಿ. ಕದಲಿದರೆ ಕತ್ತರಿಸಿ ಹೊಸದು. ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ತೋಳು ಕಾಯಿಸಿ ಕೂರಿಸಿ.

ಸೇರಿಸುವ ಕ್ರಮ ಹೀಗೆ. ಮುಖ್ಯ ಬ್ಯಾಟರಿಯ ಪ್ಲಸ್‌ನಿಂದ ಮೊದಲ ಫ್ಯೂಸ್ ಹೋಲ್ಡರ್, ಅಲ್ಲಿಂದ ವಿಎಸ್‌ಆರ್‌ನ ಒಂದು ಬೋಲ್ಟ್. ಇನ್ನೊಂದು ಬೋಲ್ಟ್‌ನಿಂದ ಉದ್ದನೆಯ ವೈರ್, ಎರಡನೇ ಫ್ಯೂಸ್ ಹೋಲ್ಡರ್, ಎರಡನೇ ಬ್ಯಾಟರಿಯ ಪ್ಲಸ್. ವಿಎಸ್‌ಆರ್‌ನ ತೆಳು ಕಪ್ಪು ವೈರ್ ಬಾಡಿ ಅರ್ತ್‌ಗೆ. ಈ ಹೊತ್ತಿಗೆ ಎರಡೂ ಹೋಲ್ಡರ್ ಒಳಗೆ ಫ್ಯೂಸ್ ಇರಬಾರದು, ಖಾಲಿ.

ಅರ್ತ್ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ಪ್ಲಸ್‌ನಲ್ಲಿ ಹೋದ ಅಷ್ಟೂ ಕರೆಂಟ್ ಮೈನಸ್‌ನಲ್ಲಿ ವಾಪಸ್ ಬರಬೇಕು, ಅದಕ್ಕೂ ಅಷ್ಟೇ ದಪ್ಪದ ವೈರ್ ಬೇಕು. ಎರಡನೇ ಬ್ಯಾಟರಿಯ ಮೈನಸ್ ಅನ್ನು ಹತ್ತಿರದ ಚಾಸಿಗೆ ಕೊಡಬಹುದು, ಬಣ್ಣ ಕೆರೆದು ಬಿಳಿ ಕಬ್ಬಿಣ ಕಾಣಿಸಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಆದರೆ ನಮ್ಮ ಮಳೆಯಲ್ಲಿ ಹತ್ತಾರು ವರ್ಷ ನೆನೆದ ಜೀಪಿನ ಚಾಸಿಯನ್ನು ನಾನು ನಂಬುವುದಿಲ್ಲ. ಹಳೆಯ ಗಾಡಿಗೆ ಮೈನಸ್ ವೈರನ್ನೂ ಮುಂದಿನವರೆಗೆ ಎಳೆದು, ಮುಖ್ಯ ಬ್ಯಾಟರಿಯ ಅರ್ತ್ ವೈರ್ ಬಾಡಿಗೆ ಸೇರುವ ಅದೇ ಬೋಲ್ಟಿಗೆ ಕೊಡಿ. ಹೊಸ ಗಾಡಿಯಲ್ಲಿ ಮೈನಸ್ ಟರ್ಮಿನಲ್ ಮೇಲೆ ಸೆನ್ಸರ್ ಇದ್ದರೆ ಟರ್ಮಿನಲ್‌ಗೆ ನೇರ ಕೊಡಬೇಡಿ, ಬಾಡಿಯ ಅರ್ತ್ ಬೋಲ್ಟಿಗೇ ಕೊಡಿ. ಇಲ್ಲದಿದ್ದರೆ ಸೆನ್ಸರ್ ಲೆಕ್ಕ ತಪ್ಪುತ್ತದೆ. ಹಾಗೆಯೇ ಎಂಜಿನ್‌ನಿಂದ ಚಾಸಿಗೆ ಬರುವ ಹೆಣೆದ ಅರ್ತ್ ಪಟ್ಟಿ ಹಸಿರುಗಟ್ಟಿದ್ದರೆ ಈಗಲೇ ಬದಲಾಯಿಸಿ.

ಲೈಟು, ಇನ್ವರ್ಟರ್ ಎಲ್ಲವೂ ಎರಡನೇ ಬ್ಯಾಟರಿಯಿಂದ, ಒಂದು ಸಣ್ಣ ಫ್ಯೂಸ್ ಬಾಕ್ಸ್ ಮೂಲಕ ಹೋಗಲಿ. ಲೈಟಿಗೆ 2.5 ಸ್ಕ್ವೇರ್ ಎಂಎಂ ವೈರ್, 10 ಆಂಪ್ ಫ್ಯೂಸ್. 300 ವ್ಯಾಟಿನ ಇನ್ವರ್ಟರ್ 28 ಆಂಪ್‌ವರೆಗೆ ಎಳೆಯುತ್ತದೆ, ಅದಕ್ಕೆ ಬೇರೆಯೇ 10 ಸ್ಕ್ವೇರ್ ಎಂಎಂ ವೈರ್, 40 ಆಂಪ್ ಫ್ಯೂಸ್, ಉದ್ದ ಒಂದು ಮೀಟರ್ ಒಳಗೆ. 12 ವೋಲ್ಟ್‌ಗೆ ಇಳಿದಾಗ ಲೋಡ್ ಕತ್ತರಿಸುವ ಲೋ ವೋಲ್ಟೇಜ್ ಕಟ್-ಆಫ್ ಒಂದು ಹಾಕಿದರೆ ಬ್ಯಾಟರಿ ಉಳಿಯುತ್ತದೆ.

ಎಲ್ಲಾ ನಟ್ಟು ಬಿಗಿಯಾದ ಮೇಲೆ ಎರಡೂ ಬ್ಯಾಟರಿಯ ಮೈನಸ್ ಹಾಕಿ. ಕೊನೆಗೆ ಫ್ಯೂಸ್, ಮೊದಲು ಹಿಂದಿನದು, ಆಮೇಲೆ ಮುಂದಿನದು. ಹಾಕುವ ಮುಂಚೆ ಮೀಟರ್ ಹಿಡಿದು ಪ್ಲಸ್ ಮೈನಸ್ ತಿರುಗಮುರುಗ ಆಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ತಿರುಗಮುರುಗ ಆಗಿದ್ದರೆ ಆಲ್ಟರ್ನೇಟರ್ ಡಯೋಡ್‌ಗಳು ಕ್ಷಣದಲ್ಲಿ ಹೋಗುತ್ತವೆ.

ಪರೀಕ್ಷೆ

ಎಂಜಿನ್ ಆಫ್ ಇರುವಾಗ ಎರಡೂ ಬ್ಯಾಟರಿಯ ವೋಲ್ಟೇಜ್ ಬರೆದುಕೊಳ್ಳಿ. ರಾತ್ರಿಯೆಲ್ಲಾ ಸುಮ್ಮನಿದ್ದ ಲೆಡ್ ಆಸಿಡ್ ಬ್ಯಾಟರಿ 12.6, 12.7 ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಸ್ಟಾರ್ಟ್ ಮಾಡಿ. ಮುಖ್ಯ ಬ್ಯಾಟರಿ 14ರ ಆಸುಪಾಸಿಗೆ ಏರುತ್ತದೆ, ವಿಎಸ್‌ಆರ್ ಟಕ್ ಅನ್ನುತ್ತದೆ, ಎರಡನೆಯದೂ ಏರಲು ಶುರುವಾಗುತ್ತದೆ. ಈಗ ಮೀಟರಿನ ಒಂದು ಕಡ್ಡಿಯನ್ನು ಮುಖ್ಯ ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದನ್ನು ಎರಡನೆಯದರ ಪ್ಲಸ್ ಮೇಲೆ ಇಡಿ, ಬೇಕಾದರೆ ಒಂದು ಉದ್ದ ವೈರ್ ಸೇರಿಸಿಕೊಂಡು. ಆಮೇಲೆ ಮೈನಸ್‌ನಿಂದ ಮೈನಸ್‌ಗೆ. ಎರಡೂ ಸೇರಿ ನೀವು ಲೆಕ್ಕ ಹಾಕಿದ್ದಕ್ಕಿಂತ ಬಹಳ ಜಾಸ್ತಿ ಬಂದರೆ ಎಲ್ಲೋ ಒಂದು ಜಂಟಿ ಸರಿಯಿಲ್ಲ. ಮೈನಸ್ ಕಡೆಯೇ ಜಾಸ್ತಿ ಇದ್ದರೆ ಅರ್ತ್ ಬೋಲ್ಟ್ ನೋಡಿ. ಕ್ಲಾಂಪ್ ಮೀಟರ್ ಬಳಸುವುದಾದರೆ ಡಿಸಿ ಅಳೆಯುವುದೇ ಅಂತ ನೋಡಿಕೊಳ್ಳಿ, ಅಗ್ಗದವು ಬರೀ ಎಸಿ ಅಳೆಯುತ್ತವೆ.

ಅರ್ಧ ಗಂಟೆ ಓಡಿಸಿ ಬಂದು, ಎಂಜಿನ್ ಆಫ್ ಮಾಡಿ, ಪ್ರತಿ ಲಗ್ ಮತ್ತು ಫ್ಯೂಸ್ ಹೋಲ್ಡರನ್ನು ಕೈ ಹಿಂಬದಿಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಜಂಟಿ ಮತ್ತೆ ಮಾಡಬೇಕು.

ಎಂಜಿನ್ ಆಫ್ ಆದ ಕೂಡಲೇ ವಿಎಸ್‌ಆರ್ ಬಿಡುವುದಿಲ್ಲ, ಬ್ಯಾಟರಿಯ ಮೇಲ್ಮೈ ಚಾರ್ಜ್ ಇಳಿಯುವವರೆಗೆ ಕೆಲವು ನಿಮಿಷ ಹಿಡಿದಿರುತ್ತದೆ. ಅದು ಮಾಮೂಲಿ. ಆದರೆ ಆ ಕೆಲವು ನಿಮಿಷದಲ್ಲೇ ಮತ್ತೆ ಸ್ಟಾರ್ಟ್ ಮಾಡಿದರೆ ಸೆಲ್ಫ್ ಎರಡೂ ಬ್ಯಾಟರಿಯಿಂದ ಎಳೆಯುತ್ತದೆ, ಫ್ಯೂಸ್ ಹಾರಬಹುದು. ನಿಂತು ನಿಂತು ಹೋಗುವ ಗಾಡಿಯಾದರೆ ನಿಧಾನಕ್ಕೆ ಹಾರುವ ಸ್ಲೋ ಬ್ಲೋ ಫ್ಯೂಸನ್ನೇ ಹಾಕಿ. ವಿಎಸ್‌ಆರ್ ಬಿಟ್ಟ ಮೇಲೆ ಒಂದು ಗಂಟೆ ಲೈಟ್ ಉರಿಸಿ: ಎರಡನೆಯದು ಇಳಿಯಬೇಕು, ಮುಖ್ಯದ್ದು ಕದಲಬಾರದು.

ಮುಖ್ಯ ಬ್ಯಾಟರಿ ಸತ್ತ ದಿನ ಎರಡನೆಯದರಿಂದ ಸ್ಟಾರ್ಟ್ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಈ 16 ಸ್ಕ್ವೇರ್ ಎಂಎಂ ವೈರಿನ ಮೂಲಕ ಬೇಡ. ಗಾಡಿಯಲ್ಲಿ ಒಂದು ಜೊತೆ ದಪ್ಪನೆಯ ಜಂಪರ್ ಕೇಬಲ್ ಇಟ್ಟುಕೊಳ್ಳಿ.

ಆಮೇಲೆ

ವಾರ ಓಡಿಸಿದ ಮೇಲೆ ಎಲ್ಲಾ ನಟ್ಟು ಒಮ್ಮೆ ಬಿಗಿ ಮಾಡಿ, ಹೊಸ ಲಗ್ ಕೂತುಕೊಳ್ಳುವಾಗ ಸಡಿಲವಾಗುತ್ತದೆ. ಆಮೇಲೆ ವರ್ಷಕ್ಕೆ ಎರಡು ಸಲ ಸಾಕು, ಜೂನ್ ಮಳೆ ಹಿಡಿಯುವ ಮುಂಚೆ ಒಮ್ಮೆ, ಕುಯ್ಲು ಶುರುವಾಗುವ ಮುಂಚೆ ಒಮ್ಮೆ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ವ್ಯಾಸಲಿನ್ ಸವರಿ. ಗ್ರಾಮೆಟ್ ಇರುವ ಕಡೆ ವೈರ್ ಸವೆದಿದೆಯಾ ಅಂತ ಟಾರ್ಚ್ ಹಿಡಿದು ನೋಡಿ.

ಗಾಡಿ ವಾರಂಟಿಯಲ್ಲಿದ್ದರೆ ಕೆಲಸ ಶುರುಮಾಡುವ ಮುಂಚೆ ಸರ್ವಿಸ್ ಪುಸ್ತಕ ಓದಿ, ಹೊರಗಿನ ವೈರಿಂಗ್ ಬಗ್ಗೆ ಏನು ಬರೆದಿದೆ ಅಂತ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಎಲೆಕ್ಟ್ರಿಕಲ್ ಆಕ್ಸೆಸರಿಗೆ ಬೇರೆ ಕಾಲಂ ಇರುತ್ತದೆ, ಅಲ್ಲಿ ಸೇರಿಸಿ. ಬ್ಯಾಟರಿ ಸತ್ತ ಮೇಲೆ ಗುಜರಿಗೆ ಕೊಡುವ ಬದಲು ಡೀಲರ್‌ಗೆ ವಾಪಸ್ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸೇರಿಸಿಕೊಳ್ಳುವ ಹೊಣೆ ತಯಾರಕರದ್ದು, ಹೊಸದರ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಇನ್ನೊಂದು ಕೆಲಸ, ಎರಡು ನಿಮಿಷದ್ದು, ದಯವಿಟ್ಟು ಬಿಡಬೇಡಿ. ಮುಖ್ಯ ಬ್ಯಾಟರಿಯ ಪಕ್ಕದಲ್ಲಿ ಅಳಿಸದ ಮಾರ್ಕರ್‌ನಲ್ಲಿ ಒಂದು ಚೀಟಿ ಬರೆದು ಅಂಟಿಸಿ: "ಎರಡನೇ ಬ್ಯಾಟರಿ ಇದೆ, ಹಿಂದಿನ ಸೀಟಿನ ಕೆಳಗೆ." ಗ್ಯಾರೇಜಿನ ಹುಡುಗ ಮುಂದಿನ ಮೈನಸ್ ಬಿಚ್ಚಿ, ಗಾಡಿಯಲ್ಲಿ ಕರೆಂಟ್ ಇಲ್ಲ ಅಂದುಕೊಂಡು ಕೆಲಸ ಶುರುಮಾಡುತ್ತಾನೆ. ಹಿಂದಿನ ಬ್ಯಾಟರಿಯಿಂದ ಬರುವ ವೈರ್ ಆಗಲೂ ಜೀವಂತ ಇರುತ್ತದೆ. ಚಾಸಿಗೋ ಬಾಡಿಗೋ ವೆಲ್ಡಿಂಗ್ ಮಾಡಿಸುವ ದಿನ ಎರಡೂ ಬ್ಯಾಟರಿಯ ಮೈನಸ್ ಬಿಚ್ಚಿಸಿ, ಡಿಸಿ-ಡಿಸಿ ಚಾರ್ಜರ್ ಇದ್ದರೆ ಅದರ ವೈರನ್ನೂ ತೆಗೆಸಿ, ಆಮೇಲೆ ವೆಲ್ಡರ್‌ಗೆ ಗಾಡಿ ಬಿಡಿ.